ಸ್ಕೀಯಿಂಗ್ ಭಯವೇ? ಮೊದಲು ನಿಲ್ಲಿಸಲು ಕಲಿಯಿರಿ

ಹಿಮದ ನಡುವಿನ ಕ್ಯಾಬಿನ್‌ಗೆ ಹೋಗುವುದೇ ಆರಾಮಾಗಿರಲು. ಇಡೀ ದಿನ ಸ್ಕೀಯಿಂಗ್ ಮಾಡಲೇಬೇಕೆಂಬ ಹಟ ಬೇಡ. ಬೆಳಿಗ್ಗೆ 2 ತಾಸು ಸಾಕು. ಕಾಲು ಸೋತಷ್ಟೂ ಭಯ ಜಾಸ್ತಿ.

ನನಗೆ ಹೆದರಿಕೆ ಇದ್ದದ್ದು ಬೀಳುವುದಕ್ಕಲ್ಲ, ನಿಲ್ಲಿಸಲು ಆಗದಿದ್ದರೆ ಅಂತ. ನಿಮಗೂ ಹಾಗೇ ಅಲ್ವಾ? ಹಾಗಾದರೆ ತೀರಾ ಕಡಿಮೆ ಇಳಿಜಾರಿನಲ್ಲಿ ಶುರು ಮಾಡಿ. ಸ್ಕೀಗಳ (ಬೂಟಿಗೆ ಸಿಕ್ಕಿಸಿಕೊಳ್ಳುವ ಉದ್ದನೆಯ ಜಾರುಪಟ್ಟಿಗಳ) ಮುಂದಿನ ತುದಿಗಳನ್ನು ಹತ್ತಿರ ತನ್ನಿ, ಆದರೆ ಒಂದರ ಮೇಲೊಂದು ಹತ್ತಬಾರದು. ಹಿಮ್ಮಡಿಗಳನ್ನು ಹೊರಗೆ ತಳ್ಳಿ. ಸ್ಕೀಗಳ ಒಳ ಅಂಚು ಹಿಮವನ್ನು ಕಚ್ಚುತ್ತದೆ, ವೇಗ ತಗ್ಗುತ್ತದೆ. ಇದನ್ನೇ ಮತ್ತೆ ಮತ್ತೆ ಮಾಡಿ.

ಹೆದರಿದಾಗ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ಹಿಡಿತ ತಪ್ಪುವುದು ಆಗಲೇ. ಮೊಣಕಾಲು ಬಗ್ಗಿಸಿ, ಅದರ ಕೆಳಗಿನ ಮೂಳೆ ಬೂಟಿನ ಮುಂಭಾಗಕ್ಕೆ ಒತ್ತಿಕೊಂಡಿರಲಿ. ಕಣ್ಣು ಪಾದದ ಮೇಲೆ ಬೇಡ, ಹೋಗಬೇಕಾದ ಕಡೆ ಇರಲಿ.

ಬೀಳುವಂತಾದರೆ ಪಕ್ಕಕ್ಕೆ ಕೂತಂತೆ ಬೀಳಿ. ಏಳುವಾಗ ಸ್ಕೀಗಳನ್ನು ಇಳಿಜಾರಿಗೆ ಅಡ್ಡವಾಗಿಡಿ, ಇಲ್ಲದಿದ್ದರೆ ಮತ್ತೆ ಜಾರುತ್ತೀರಿ. ಹೆಲ್ಮೆಟ್ ಬೇಕೇ ಬೇಕು.

ಮೊದಲ ಪಾಠ ತರಬೇತುದಾರರಿಂದಲೇ ಆಗಲಿ, ಜೊತೆಗೆ ಬಂದವರಿಂದ ಬೇಡ. ‘ಏನೂ ಆಗಲ್ಲ, ಬಾ’ ಎಂಬ ಪ್ರೀತಿಯ ಒತ್ತಾಯಕ್ಕೆ ಭಯ ಇನ್ನೂ ಹೆಚ್ಚುತ್ತದೆ. ಮೇಲಿನ ಇಳಿಜಾರಿಗೆ ಯಾವಾಗ? ಕೆಳಗಿನದರಲ್ಲಿ ಬೇಕೆಂದ ಕಡೆ ನಿಲ್ಲಲು ಬಂದ ಮೇಲೆ.