ಗಂಡಿಲ್ಲದೆ ಮೊಟ್ಟೆ ಇಡುತ್ತಿದ್ದ ಕಾಕಟೀಲ್: ನಿಲ್ಲಿಸಿದ್ದು ಹೇಗೆ

ನಮ್ಮ ಚಿನ್ನು ಕೊನೆಯ ಮೊಟ್ಟೆ ಇಟ್ಟು ಒಂದೂವರೆ ವರ್ಷದ ಮೇಲಾಯಿತು. ಒಂಟಿ ಹೆಣ್ಣು ಕಾಕಟೀಲ್ (ತಲೆ ಮೇಲೆ ಜುಟ್ಟಿರುವ ಸಣ್ಣ ಗಿಳಿ) ಸಾಕಿದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತಿರುತ್ತದೆ. ಜೊತೆಗೆ ಗಂಡಿಲ್ಲ, ಗೂಡಿನ ಪೆಟ್ಟಿಗೆ ಇಲ್ಲ. ಆದರೂ ವರ್ಷಕ್ಕೆ ಐದಾರು ಸಲ ಮೊಟ್ಟೆ, ಸಲಕ್ಕೆ ನಾಲ್ಕರಿಂದ ಆರು. ಚಿನ್ನು ಲುಟಿನೋ, ಅಂದರೆ ಬಿಳಿ ಹಳದಿ ಬಣ್ಣದ ಬಗೆ. "ಲುಟಿನೋ ಹೆಣ್ಣು ಹಂಗೇ ಮೇಡಂ, ಅದನ್ನ ನಿಲ್ಲಿಸೋಕೆ ಯಾರಿಂದಲೂ ಆಗಲ್ಲ" ಅಂತ ನಮ್ಮೂರಲ್ಲಿ ಹಕ್ಕಿ ಮಾರುವವರೂ ಹೇಳಿದರು, ಮರಿ ಮಾಡಿಸುವವರೂ ಹೇಳಿದರು. ನಾನು ನಿಲ್ಲಿಸಿದೆ. ದಾವಣಗೆರೆಯ ಈ ಬಿಸಿಲಲ್ಲಿ, ನಿಟ್ಟುವಳ್ಳಿಯ ಸಣ್ಣ ಬಾಡಿಗೆ ಮನೆಯಲ್ಲಿ, ಕೊನೆಗೆ ಯಾವ ಔಷಧಿಯೂ ಇಲ್ಲದೆ.

ಪಂಜರ ಎಷ್ಟು ದೊಡ್ಡದಿರಬೇಕು, ನೀರು ಎಷ್ಟು ಸಲ ಬದಲಿಸಬೇಕು, ಇವೆಲ್ಲ ನಿಮಗೆ ಗೊತ್ತು. ಅದನ್ನು ಬಿಡುತ್ತೇನೆ.

ಮೊದಲು, ಕೆಲಸ ಮಾಡದ ಉಪಾಯಗಳು. "ಇಟ್ಟ ಹಾಗೆಲ್ಲ ತೆಗೆದು ಬಿಸಾಕಿ" ಅಂದವರು ಬಹಳ ಜನ. ತೆಗೆದರೆ ಏನಾಗುತ್ತದೆ? ಅವಳ ಲೆಕ್ಕ ತುಂಬುವುದಿಲ್ಲ. ದಿನ ಬಿಟ್ಟು ದಿನ ಮತ್ತೊಂದು ಇಡುತ್ತಾಳೆ. ಹಾಗೆ ಒಂದು ಸಲ ಒಂಬತ್ತೋ ಹತ್ತೋ ಮೊಟ್ಟೆಯವರೆಗೂ ಹೋಯಿತು. "ಗಂಡು ತನ್ನಿ, ಮರಿ ಮಾಡಿ ಸುಮ್ಮನಾಗ್ತಾಳೆ" ಅನ್ನುವುದು ಇನ್ನೊಂದು ಸಲಹೆ. ಅದಕ್ಕೆ ನಾನು ಒಪ್ಪಲಿಲ್ಲ. ಮೊದಲೇ ಮೈಯಲ್ಲಿನ ಸುಣ್ಣದ ಅಂಶವೆಲ್ಲ ಚಿಪ್ಪಿಗೆ ಹೋಗುತ್ತಿರುವ ಹಕ್ಕಿಗೆ ಮರಿ ಸಾಕುವ ಕೆಲಸ ಬೇರೆ ಯಾಕೆ? ನೀರಿಗೆ ಕ್ಯಾಲ್ಸಿಯಂ ಸಿರಪ್ ಹಾಕಿದೆ. ಚಿಪ್ಪು ಗಟ್ಟಿಯಾಯಿತು, ಮೊಟ್ಟೆ ನಿಲ್ಲಲಿಲ್ಲ.

ಆಮೇಲೆ ಬಂದಿದ್ದು ಆ ಮಾರ್ಚ್ ತಿಂಗಳು. ಸಂಜೆ ನೋಡಿದರೆ ಚಿನ್ನು ಪಂಜರದ ತಳದಲ್ಲಿ ಕೂತಿದ್ದಾಳೆ. ಗರಿಯೆಲ್ಲ ಉಬ್ಬಿದೆ, ಕಣ್ಣು ಅರ್ಧ ಮುಚ್ಚಿದೆ. ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿದೆ. ಮೊಟ್ಟೆ ಒಳಗೇ ಸಿಕ್ಕಿಕೊಂಡಿತ್ತು. ಇಲ್ಲಿ ತೋರಿಸಿದ ಡಾಕ್ಟರು ದನ, ನಾಯಿ ನೋಡುವವರು. "ಇಷ್ಟು ಸಣ್ಣ ಹಕ್ಕಿಗೆ ನಾನು ಕೈ ಹಾಕಲ್ಲಮ್ಮ, ಬೆಂಗಳೂರಿಗೆ ಹೋಗಿ" ಅಂದರು. ರಾತ್ರೋರಾತ್ರಿ ಕಾರು ಮಾಡಿಕೊಂಡು ಸುಮಾರು 260 ಕಿಲೋಮೀಟರ್. ರಟ್ಟಿನ ಡಬ್ಬಿಯೊಳಗೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ, ಪಕ್ಕದಲ್ಲಿ ಒದ್ದೆ ಹತ್ತಿಯ ಬಟ್ಟಲು. ಅಲ್ಲಿ ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟು ಬೆಚ್ಚಗಿಟ್ಟರು. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಮೊಟ್ಟೆ ಹೊರಗೆ ಬಂತು. ಚಿಪ್ಪೇ ಇಲ್ಲ, ಮುಟ್ಟಿದರೆ ಹಾಲಿನ ಪ್ಯಾಕೆಟ್ಟಿನ ಹಾಗೆ ಒಳಗೆ ಹೋಗುತ್ತಿತ್ತು.

ಕಾರು, ಡಾಕ್ಟರು, ಔಷಧಿ ಸೇರಿ ಹದಿಮೂರು ಹದಿನಾಲ್ಕು ಸಾವಿರ ಆಗಿರಬೇಕು. ಚಿನ್ನುವನ್ನು ತಂದಿದ್ದು 2,200ಕ್ಕೆ. "ಆ ದುಡ್ಡಿಗೆ ಆರು ಹಕ್ಕಿ ಬರ್ತಿದ್ವಲ್ಲವ್ವಾ" ಅಂದರು ಅತ್ತೆ. ದಾರಿಯುದ್ದಕ್ಕೂ ಆ ಡಬ್ಬಿಯನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದವರೂ ಅವರೇ.

ಮೊಟ್ಟೆ ತಡೆಯುವ ಹಾರ್ಮೋನ್ ಇಂಜೆಕ್ಷನ್ ಕೂಡ ಒಂದು ಸಲ ಕೊಡಿಸಿದೆ. ಅದಕ್ಕೆ ಬೇರೆ ಮೂರೂವರೆ ಸಾವಿರ. ಎರಡು ತಿಂಗಳು ಶಾಂತಿ, ಆಮೇಲೆ ಮತ್ತೆ ಶುರು. ಜೀವಕ್ಕೆ ಬಂದಾಗ ಅದು ಬೇಕು, ನಾನು ಬೇಡ ಅನ್ನಲ್ಲ. ಆದರೆ ಹದಿನೈದು ಇಪ್ಪತ್ತು ವರ್ಷ ಬದುಕುವ ಹಕ್ಕಿಗೆ ಅದೇ ದಾರಿ ಆಗುವುದಿಲ್ಲ.

ಕಾಕಟೀಲ್‌ನ ತವರು ಆಸ್ಟ್ರೇಲಿಯಾದ ಒಳನಾಡಿನ ಒಣ ಸೀಮೆ. ಅಲ್ಲಿ ಮಳೆ ಬಿದ್ದು, ಹುಲ್ಲಿನ ಬೀಜ ಹೇರಳವಾದಾಗ ಗೂಡು ಮಾಡುತ್ತವೆ. ಈಗ ನಮ್ಮ ಮನೆ ನೋಡಿ. ದಾವಣಗೆರೆಯಲ್ಲಿ ಹಗಲು ಡಿಸೆಂಬರಿನಲ್ಲಿ ಹನ್ನೊಂದೂಕಾಲು ಗಂಟೆ, ಜೂನ್‌ನಲ್ಲಿ ಸುಮಾರು 13. ಆದರೆ ಹಾಲ್‌ನಲ್ಲಿ ಟ್ಯೂಬ್‌ಲೈಟ್ ಆರುವುದು ರಾತ್ರಿ 11ಕ್ಕೆ. ಅಂದರೆ ಚಿನ್ನುವಿಗೆ ವರ್ಷಪೂರ್ತಿ 17 ಗಂಟೆ ಹಗಲು. ಬಟ್ಟಲು ತುಂಬ ಸೂರ್ಯಕಾಂತಿ ಬೀಜ, ಆಗಾಗ ಬಿಸಿ ಅನ್ನ, ಸೋಫಾ ಕೆಳಗೆ ಕತ್ತಲೆ ಮೂಲೆ. ಅವಳ ಪಾಲಿಗೆ ದಿನಾ ಮರಿ ಮಾಡುವ ಕಾಲವೇ. ಹಾಗಾದರೆ ಹಗಲು ಕಡಿಮೆ ಮಾಡಬೇಕು. ಸಂಜೆ 6ರಿಂದ ಬೆಳಿಗ್ಗೆ 7ರವರೆಗೆ 13 ಗಂಟೆ ಕತ್ತಲೆ ಅಂತ ನಿರ್ಧಾರ ಮಾಡಿದೆ.

ಹೇಳಿದಷ್ಟು ಸುಲಭ ಇರಲಿಲ್ಲ. ಹಾಲ್‌ನಲ್ಲೇ ಪಂಜರಕ್ಕೆ ಕಪ್ಪು ಬಟ್ಟೆ ಮುಚ್ಚಿದೆ. ಟಿವಿ ಬೆಳಕು ಸಂದಿಯಲ್ಲಿ ನುಗ್ಗುತ್ತದೆ, ಮಾತು ಕೇಳಿದರೆ ಒಳಗಿಂದಲೇ ಕೂಗುತ್ತಾಳೆ. ಏಪ್ರಿಲ್‌ನಲ್ಲಿ ಬಟ್ಟೆಯೊಳಗೆ ಸೆಖೆ ತಡೆಯದೆ ಕೊಕ್ಕು ತೆರೆದು, ರೆಕ್ಕೆ ಮೈಯಿಂದ ಬಿಡಿಸಿಕೊಂಡು ಏದುಸಿರು ಬಿಡುತ್ತಿದ್ದಳು. ಅದನ್ನು ಅಲ್ಲಿಗೇ ಕೈಬಿಟ್ಟೆ. ರಾತ್ರಿ ಮಲಗಲು ಬೇರೆ ಸಣ್ಣ ಪಂಜರ ಬೇಕು, ಬೇರೆ ಕೋಣೆ ಬೇಕು. ಹಳೆ ಪಂಜರ ಒಂದು 700ಕ್ಕೆ ಸಿಕ್ಕಿತು. ಉತ್ತರದ ಕಡೆ ಸಾಮಾನು ಕೋಣೆ ಖಾಲಿ ಮಾಡಿದೆ. ಕಿಟಕಿಗೆ ಗೋಣಿಚೀಲ ಹೊಡೆದು, ಗಾಳಿಗೆ ಮೇಲೆ ನಾಲ್ಕು ಬೆರಳು ಸಂದಿ ಬಿಟ್ಟೆ. ಬೇಸಿಗೆಯಲ್ಲಿ ಸಂಜೆ ಆ ಗೋಣಿಗೆ ನೀರು ಚಿಮುಕಿಸಿದರೆ ಕೋಣೆ ತಣ್ಣಗಿರುತ್ತದೆ. ಲಾವಂಚದ ಪರದೆಯನ್ನೂ ಹಾಕಿ ನೋಡಿದೆ. ವಾಸನೆ ಚೆನ್ನಾಗಿತ್ತು, ಆದರೆ ಗೋಣಿಗಿಂತ ಜಾಸ್ತಿ ತಂಪೇನೂ ಆಗಲಿಲ್ಲ. ದುಡ್ಡು ದಂಡ.

ಎಲ್ಲರೂ ಹೆದರಿಸಿದ್ದು ರಾತ್ರಿ ಗಾಬರಿಯ ಬಗ್ಗೆ. ಕಾಕಟೀಲ್ ಕತ್ತಲಲ್ಲಿ ಬೆಚ್ಚಿಬಿದ್ದರೆ ಕುರುಡಾಗಿ ಹಾರಿ ಕಂಬಿಗೆ ಬಡಿದುಕೊಳ್ಳುತ್ತದೆ, ಲುಟಿನೋಗೆ ಇದು ಇನ್ನೂ ಜಾಸ್ತಿ. ಆಗಿಯೇ ಹೋಯಿತು. ಹಲ್ಲಿ ಓಡಿದ್ದಕ್ಕೋ ಏನೋ, ನಡುರಾತ್ರಿ ದಡಬಡ ಸದ್ದು. ಹೋಗಿ ನೋಡಿದರೆ ಗೋಡೆ ತುಂಬ ರಕ್ತದ ಚುಕ್ಕಿ. ಹೊಸದಾಗಿ ಬರುತ್ತಿದ್ದ ರೆಕ್ಕೆಗರಿ ಮುರಿದಿತ್ತು. ಕಾರ್ನ್‌ಫ್ಲೋರ್ ಒತ್ತಿ ಹಿಡಿದೆ, ನಿಂತಿತು. "ನಾವು ಹೇಳಿರಲಿಲ್ವಾ?" ಅಂದರು ಎಲ್ಲರೂ.

ಕತ್ತಲೆ ಬಿಟ್ಟರೆ ಮೊಟ್ಟೆ, ಕತ್ತಲೆ ಇಟ್ಟರೆ ಗಾಬರಿ. ಇದನ್ನು ಬಿಡಿಸಿಕೊಳ್ಳಲು ಬಹಳ ದಿನ ಹಿಡಿಯಿತು. ಈಗ ಕೋಣೆಯೊಳಗೆ ಬಲ್ಬ್ ಇಲ್ಲ, ಹೊರಗಿನ ಪ್ಯಾಸೇಜಿನಲ್ಲಿ ಝೀರೋ ಬಲ್ಬ್. ಬಾಗಿಲು ಎರಡು ಬೆರಳು ತೆರೆದಿರುತ್ತದೆ. ಬೆಳಕು ಎಷ್ಟಿರಬೇಕು ಅಂತ ನೋಡಲು ನಾನೇ ಒಳಗೆ ಹೋಗಿ ಐದು ನಿಮಿಷ ನಿಲ್ಲುತ್ತೇನೆ. ಕೂರುವ ಕೋಲಿನ ಗೆರೆ ಕಾಣಬೇಕು, ಕೈಯಲ್ಲಿರುವ ಪೇಪರಿನ ದಪ್ಪಕ್ಷರ ಓದಲು ಆಗಬಾರದು. ಮಲಗುವ ಪಂಜರದಲ್ಲಿ ಒಂದೇ ಕೋಲು, ಅದೂ ಕೆಳಗೆ. ಗಂಟೆ, ಉಯ್ಯಾಲೆ ಯಾವುದೂ ಇಲ್ಲ. ಗೋಡೆಯಿಂದ ಒಂದಡಿ ದೂರ, ಹಲ್ಲಿ ಹತ್ತಬಾರದು. ಆಮೇಲೆ ದೊಡ್ಡ ಗಾಬರಿ ಆಗಿಲ್ಲ. ದೀಪಾವಳಿ ಪಟಾಕಿಯ ಮೂರು ರಾತ್ರಿ ಮಾತ್ರ ನಾನು ಅಲ್ಲೇ ಚಾಪೆ ಹಾಕಿ ಮಲಗುತ್ತೇನೆ.

ಜೊತೆಗೆ ಇಟ್ಟ ಮೊಟ್ಟೆ ತೆಗೆಯುವುದನ್ನು ನಿಲ್ಲಿಸಿದೆ. ಮರದ ಮೊಟ್ಟೆ ಮಾಡಿಸಿದೆ. ಒಂದಿಂಚು ಉದ್ದ, ಮುಕ್ಕಾಲು ಇಂಚು ಅಗಲ, ಬಣ್ಣ ಬೇಡ. ಮೊದಲ ಮೊಟ್ಟೆ ಬಿದ್ದ ಕೂಡಲೇ ಪಕ್ಕದಲ್ಲಿ ಮೂರು ಮರದ್ದು ಇಟ್ಟೆ. ಅವಳು ಇನ್ನೊಂದೇ ಇಟ್ಟು ಕಾವಿಗೆ ಕೂತಳು. ಮೂರು ವಾರದ ಸುಮಾರಿಗೆ ಬೇಸರ ಬಂದು ತಾನೇ ಎದ್ದಳು. ಕಾವು ಪೂರ್ತಿ ಮುಗಿಯಲು ಬಿಡಬೇಕು, ಅದೇ ಮುಖ್ಯ. ಯಾವ ಮರ, ಒಳಗೆ ತೂಕಕ್ಕೆ ಏನು ತುಂಬಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಹಗುರ ಇದ್ದರೆ ಹಕ್ಕಿ ಒದ್ದು ಹಾಕುತ್ತದೆ ಅಂತ ಮಾತ್ರ ಹೇಳುತ್ತೇನೆ.

ಸೋಫಾ ಕೆಳಗೆ ಹಲಗೆ ಹೊಡೆಸಿದೆ, ಕನ್ನಡಿ ತೆಗೆದೆ. ಸವರುವುದಿದ್ದರೆ ತಲೆ, ಕೆನ್ನೆ ಅಷ್ಟೇ. ಬೆನ್ನು ಸವರಿದರೆ ಅವಳಿಗೆ ಗಂಡು ಬಂದ ಹಾಗೆ. ನಮ್ಮ ಮನೆಯವರಿಗೆ ಈ ಅಭ್ಯಾಸ ಬಿಡಿಸಲು ತಿಂಗಳುಗಟ್ಟಲೆ ಬೇಕಾಯಿತು.

ಇನ್ನು ಊಟ. ಅಂಗಡಿಯಲ್ಲಿ ಪ್ಲಾಸ್ಟಿಕ್ ಕವರ್‌ನಲ್ಲಿ 'ಮಿಲೆಟ್ ಸ್ಪ್ರೇ' ಅಂತ ನಾಲ್ಕು ಕಡ್ಡಿಗೆ ನೂರೈವತ್ತು, ಇನ್ನೂರು ತೆಗೆದುಕೊಳ್ಳುತ್ತಾರಲ್ಲ, ಅದು ನಮ್ಮ ನವಣೆ ತೆನೆಯೇ. ನಮ್ಮ ಪರಿಚಯದವರ ಹೊಲ ಹೊಸದುರ್ಗದ ಕಡೆ ಇದೆ. ಅವರು ಒಂದು ಚೀಲ ತೆನೆ ಕೊಟ್ಟು 300 ರೂಪಾಯಿ ಇಸಿದುಕೊಂಡರು, ವರ್ಷಕ್ಕೆ ಸಾಕಾಯಿತು. ಸೂರ್ಯಕಾಂತಿ ಈಗ ಕೈಯಿಂದ ಕೊಡುವ ಬಹುಮಾನ, ದಿನಕ್ಕೆ ನಾಲ್ಕೈದು ಕಾಳು. ಬಟ್ಟಲಿಗೆ ನವಣೆ, ಸಾಮೆ, ಸ್ವಲ್ಪ ಸಜ್ಜೆ. ನುಗ್ಗೆಸೊಪ್ಪನ್ನು ಬಟ್ಟಲಲ್ಲಿ ಹಾಕಿದರೆ ತಿರುಗಿಯೂ ನೋಡಲಿಲ್ಲ. ನೀರಲ್ಲಿ ಅದ್ದಿ ಕೊಂಬೆ ಸಮೇತ ತೂಗುಹಾಕಿದೆ. ಮೊದಲು ಎಲೆಯ ನೀರು ನೆಕ್ಕಿದಳು, ವಾರದೊಳಗೆ ಎಲೆ ತಿಂದಳು. ಮೊಳಕೆ ಕಾಳು ಬಹಳ ಇಷ್ಟ, ಆದರೆ ಮೆತ್ತನೆ ತಿಂಡಿ ಜಾಸ್ತಿ ಸಿಕ್ಕರೆ ಮೊಟ್ಟೆಗೆ ಮತ್ತೆ ಮನಸ್ಸು ಮಾಡುತ್ತಾಳೆ. ಹಾಗಾಗಿ ವಾರಕ್ಕೆ ಎರಡೇ ಸಲ. ಸುಣ್ಣದ ಅಂಶಕ್ಕೆ ಕಟ್ಲ್‌ಬೋನ್ (ಒಂದು ಸಮುದ್ರಜೀವಿಯ ಒಳಗಿನ ಬಿಳಿ ಚಿಪ್ಪು) ಸದಾ ಇರುತ್ತದೆ. ಅದನ್ನೇ ಗ್ರಂಥಿಗೆ ಅಂಗಡಿಯಲ್ಲಿ ಸಮುದ್ರನೊರೆ ಅಂತ ಕೇಳಿದರೆ ಅರ್ಧ ರೇಟಿಗೆ ಸಿಗುತ್ತದೆ, ಚೆನ್ನಾಗಿ ತೊಳೆದು ಒಣಗಿಸಿ ಕೊಡಿ. ನಮ್ಮೂರ ಮಂಡಕ್ಕಿ ಮಾತ್ರ ಬೇಡ, ಅದಕ್ಕೆ ಉಪ್ಪು ಹಾಕಿಯೇ ಹುರಿದಿರುತ್ತಾರೆ.

ದುಡ್ಡು ಹಾಕಿದ್ದರಲ್ಲಿ ಅತಿ ಉಪಯೋಗಕ್ಕೆ ಬಂದಿದ್ದು 350 ರೂಪಾಯಿಯ ಅಡುಗೆ ತಕ್ಕಡಿ. ಬೆಳಿಗ್ಗೆ ತಿನ್ನುವ ಮೊದಲು ತೂಗುತ್ತೇನೆ, ಗೋಡೆ ಕ್ಯಾಲೆಂಡರಿನ ಮೇಲೆ ಬರೆಯುತ್ತೇನೆ. ಚಿನ್ನು ಸಾಮಾನ್ಯವಾಗಿ 92, 93 ಗ್ರಾಂ. ಮೂರ್ನಾಲ್ಕು ದಿನದಲ್ಲಿ 100 ಮುಟ್ಟಿತು, ಬೆಳಗಿನ ಹಿಕ್ಕೆ ದೊಡ್ಡದಾಯಿತು ಅಂದರೆ ಮೊಟ್ಟೆ ತಯಾರಾಗುತ್ತಿದೆ ಅಂತ ಅರ್ಥ. ತೂಕ ಏರಲು ಶುರುವಾದ ದಿನವೇ ಮೊಳಕೆ ಬಂದ್, ಕತ್ತಲೆ 14 ಗಂಟೆ, ಹಗಲಿನ ಪಂಜರದ ಜಾಗ ಬದಲು. ಎರಡು ಸಲ ತೂಕ ಹಾಗೇ ಇಳಿದುಹೋಯಿತು, ಮೊಟ್ಟೆ ಬರಲೇ ಇಲ್ಲ. ಇದನ್ನು ನಮ್ಮೂರಲ್ಲಿ ಬೇರೆ ಯಾರೂ ಮಾಡಿದ್ದು ನಾನು ನೋಡಿಲ್ಲ. ಜಾಗ ಬದಲಿಸುವುದಕ್ಕೂ ಒಂದು ಕ್ರಮ ಇದೆ. ಇನ್ನೆರಡು ಹಕ್ಕಿಗಳ ಮೇಲೆ ನೋಡಿ ಆಮೇಲೆ ಹೇಳುತ್ತೇನೆ.

ಮೊದಲ ಎರಡು ತಿಂಗಳು ಏನೂ ಬದಲಾಗಲಿಲ್ಲ. ಆಮೇಲೆ ಮೊಟ್ಟೆ ಕಡಿಮೆಯಾದವು, ನಡುವಿನ ಅಂತರ ಜಾಸ್ತಿಯಾಯಿತು. ಆರು ತಿಂಗಳ ಹೊತ್ತಿಗೆ ಪೂರ್ತಿ ನಿಂತಿತು. ಡಾಕ್ಟರ ಖರ್ಚು ಬಿಟ್ಟು, ಈ ಕ್ರಮಕ್ಕೆ ಒಟ್ಟು ಎರಡು ಸಾವಿರ ದಾಟಿಲ್ಲ. ಚಿತ್ರದುರ್ಗದ ಹುಡುಗನೊಬ್ಬ ತನ್ನ ಬೂದು ಬಣ್ಣದ ಹೆಣ್ಣು ಕಾಕಟೀಲ್‌ಗೆ ಇದನ್ನೇ ಮಾಡಿದ. ಇನ್ನೊಂದೇ ಸಲ ಮೊಟ್ಟೆಗೆ ಕೂತು ಅವಳೂ ನಿಲ್ಲಿಸಿದಳು.

ಜೋಡಿ ಇಟ್ಟುಕೊಂಡವರಿಗೂ ಒಂದು ಮಾತು. ಗೂಡಿನ ಪೆಟ್ಟಿಗೆ ತೆಗೆದು, ಕತ್ತಲೆ, ಊಟ ಇದೇ ಥರ ನೋಡಿಕೊಳ್ಳಿ. ಹಕ್ಕಿ ತಳಕ್ಕೆ ಇಳಿದು ಬಾಲ ಆಡಿಸುತ್ತಾ ಕೂತರೆ ಮಾತ್ರ ಇದ್ಯಾವುದಕ್ಕೂ ಕಾಯಬೇಡಿ, ತಕ್ಷಣ ಡಾಕ್ಟರ ಹತ್ತಿರ ಓಡಿ. ಅವರ ನಂಬರ್ ಈಗಲೇ ಬರೆದಿಟ್ಟುಕೊಳ್ಳಿ. ಇನ್ನು ನವಣೆ ತೆನೆ ಬೇಕಿದ್ದವರು ಕೊಯ್ಲಿಗೆ ಮುಂಚೆಯೇ ರೈತರಿಗೆ ಹೇಳಿಡಿ, ಔಷಧಿ ಹೊಡೆದಿದ್ದಾರಾ ಅಂತ ಕೇಳಿ. ಕೊಯ್ದ ಮೇಲೆ ಬಡಿದುಬಿಡುತ್ತಾರೆ, ಇಡೀ ತೆನೆ ಸಿಗುವುದಿಲ್ಲ. ತಂದ ತೆನೆಯನ್ನು ಎರಡು ಮೂರು ದಿನ ಫ್ರೀಜರ್‌ನಲ್ಲಿಟ್ಟು, ಬಿಸಿಲಿಗೆ ಹಾಕಿ ಒಣಗಿಸಿ ಕಟ್ಟಿಟ್ಟರೆ ಹುಳ ಬೀಳುವುದಿಲ್ಲ.