ಹೊಲದ ಉಪಗ್ರಹ ಚಿತ್ರ ಯಾರದು, ಯಾವಾಗಿನದು? ಗುಂಟೆ ಲೆಕ್ಕದಲ್ಲಿ ನೋಡುವ ಬಗೆ

ಅಣ್ಣಿಗೇರಿ ಕಡೆಯ ಎರೆಹೊಲವನ್ನು ಗೂಗಲ್ ಮ್ಯಾಪಿನ ಸ್ಯಾಟಲೈಟ್ ನೋಟದಲ್ಲಿ ದೂರದಿಂದ ಹತ್ತಿರಕ್ಕೆ ಎಳೆಯುತ್ತ ಬನ್ನಿ. ಒಂದು ಹಂತದಲ್ಲಿ ಬಣ್ಣವೇ ಬೇರೆಯಾಗಿ ಬದು, ಬಾವಿ, ಬೇವಿನ ಗಿಡ ಕಾಣತೊಡಗುತ್ತವೆ. ಅಲ್ಲಿಗೆ ಚಿತ್ರದ ಮೂಲ ಬದಲಾಯಿತು ಅಂತಲೇ ತಿಳಿಯಿರಿ. ದೂರದ ನೋಟ ಅಮೆರಿಕದ ಲ್ಯಾಂಡ್‌ಸ್ಯಾಟ್, ಯುರೋಪಿನ ಸೆಂಟಿನೆಲ್ ಉಪಗ್ರಹಗಳದು; ಹತ್ತಿರದ್ದು ಏರ್‌ಬಸ್, ಮ್ಯಾಕ್ಸಾರ್ (2025ರಿಂದ ಇದರ ಹೆಸರು ವ್ಯಾಂಟರ್) ಥರದ ಕಂಪನಿಗಳಿಂದ ಕೊಂಡದ್ದು. ಪರದೆಯ ಕೆಳತುದಿಯ ಸಣ್ಣಕ್ಷರದಲ್ಲಿ ಈ ಹೆಸರುಗಳಿರುತ್ತವೆ. ಅಮೆರಿಕ, ಯುರೋಪಿನ ಎಷ್ಟೋ ಪಟ್ಟಣಗಳಲ್ಲಿ ತೀರ ಹತ್ತಿರದ ಚಿತ್ರ ವಿಮಾನದಿಂದ ತೆಗೆದದ್ದು. ನಮ್ಮ ಕಡೆ ಹೆಚ್ಚಾಗಿ ಉಪಗ್ರಹದ್ದೇ.

ಚಿತ್ರದ ಸೂಕ್ಷ್ಮತೆಯನ್ನು ಮೀಟರಿಗಿಂತ ಉತಾರದ (ಪಹಣಿಯ) ಲೆಕ್ಕದಲ್ಲಿ ಹಿಡಿದರೆ ಬೇಗ ತಿಳಿಯುತ್ತದೆ. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಸೆಂಟಿನೆಲ್-2ರ ಚಿತ್ರದ ಒಂದು ಚುಕ್ಕೆ (ಪಿಕ್ಸೆಲ್) ನೆಲದ ಮೇಲೆ 10 ಮೀಟರ್ ಚೌಕ, ಹೆಚ್ಚುಕಡಿಮೆ ಒಂದು ಗುಂಟೆ. ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಚುಕ್ಕೆಯಲ್ಲಿ ಒಂಬತ್ತು ಗುಂಟೆ ಅಡಗುತ್ತದೆ. ಇಸ್ರೋದ ಕಾರ್ಟೊಸ್ಯಾಟ್-1ರ 2.5 ಮೀಟರ್ ಚುಕ್ಕೆ ಹೆಚ್ಚುಕಡಿಮೆ ಒಂದು ಆಣೆ, ಅಂದರೆ ಗುಂಟೆಯ ಹದಿನಾರನೇ ಒಂದು ಪಾಲು! 21 ಮೀಟರ್ ಚೌಕದ ಕೃಷಿ ಹೊಂಡ ಲ್ಯಾಂಡ್‌ಸ್ಯಾಟ್‌ನಲ್ಲಿ ಅರ್ಧ ಚುಕ್ಕೆ, ಅಂದರೆ ಕಾಣುವುದೇ ಇಲ್ಲ. ಸೆಂಟಿನೆಲ್‌ನಲ್ಲಿ ನಾಲ್ಕೈದು ಕಪ್ಪು ಚುಕ್ಕೆ. 50 ಸೆಂಟಿಮೀಟರ್ ಚುಕ್ಕೆಯ ಚಿತ್ರದಲ್ಲಿ ಅದರ ಅಂಚಿನ ಮಣ್ಣೂ ಕಾಣುತ್ತದೆ.

ತಾರೀಖು ಬೇಕಾದರೆ ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ಪ್ರೊ ಹಾಕಿಕೊಳ್ಳಿ, ಪುಕ್ಕಟೆ. ಹೊಲ ಹುಡುಕಿ, ಬಾಣದ ಗುರುತನ್ನು ಅದರ ಮೇಲೆಯೇ ಇಟ್ಟು ಕೆಳಗಿನ ಪಟ್ಟಿಯಲ್ಲಿ ತಾರೀಖು ಓದಿ. ಪಕ್ಕದ ಹೊಲಕ್ಕೆ ಸರಿಸಿದರೆ ಬೇರೆ ವರ್ಷ ತೋರಿಸಬಹುದು, ಏಕೆಂದರೆ ಇದು ಕೌದಿಯಂತೆ ತುಂಡು ಹೊಲಿದ ಚಿತ್ರ. ಡಿಸೆಂಬರಿನ ಕೊನೆಯ ತಾರೀಖು ಕಂಡರೆ ಅನುಮಾನ ಇರಲಿ: ದೂರದ ನೋಟಕ್ಕೆ ಇಡೀ ವರ್ಷದ ಲೆಕ್ಕದಲ್ಲಿ ಹಾಗೆ ಹಾಕಿರುತ್ತಾರೆ. ಇನ್ನಷ್ಟು ಹತ್ತಿರ ಹೋಗಿ ಮತ್ತೆ ಓದಿ. ಗಡಿಯಾರದ ಗುರುತು ಒತ್ತಿದರೆ ಹಳೆಯ ಚಿತ್ರಗಳು ಸಾಲಾಗಿ ಬರುತ್ತವೆ. ಕೈ ಪಳಗಿಸಲು ಹುಬ್ಬಳ್ಳಿ ರೈಲು ನಿಲ್ದಾಣ ಒಳ್ಳೆಯದು: 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 1,507 ಮೀಟರ್ ಪ್ಲಾಟ್‌ಫಾರ್ಮ್ ಯಾವ ಚಿತ್ರದಿಂದ ಪೂರ್ತಿ ಕಾಣುತ್ತದೆ ನೋಡಿ, ರೂಲರ್‌ನಿಂದ ಅಳೆಯಿರಿ.

ತಾರೀಖಿಗೆ ಬೆಳೆಯೇ ಸಾಕ್ಷಿ. ಡಿಸೆಂಬರ್ ಚಿತ್ರದಲ್ಲಿ ಎರೆಹೊಲ ಕಡಲೆ, ಬಿಳಿಜೋಳದಿಂದ ಹಸಿರಾಗಿರಬೇಕು. ಏಪ್ರಿಲ್‌ನಲ್ಲಿ ಬರೀ ಕಪ್ಪು. ಮುಂಗಾರಿ ಹೆಸರುಕಾಳು ಬೆಳೆಯುವ ಕಾಲದ ಒಳ್ಳೆಯ ಚಿತ್ರ ಸಿಗುವುದು ಅಪರೂಪ, ಮೋಡ ಬಿಡುವುದಿಲ್ಲ.

ನಕ್ಷೆ ತಂತ್ರಾಂಶದ ಕಂಪನಿ ಎಸ್ರಿಯ ವೇಬ್ಯಾಕ್ ತಾಣದಲ್ಲಿ ಅದರ ಉಪಗ್ರಹ ನಕ್ಷೆಯ 2014ರಿಂದೀಚಿನ ಆವೃತ್ತಿಗಳಿವೆ. ಇಲ್ಲಿ ಬಹಳ ಜನ ಎಡವುತ್ತಾರೆ: ಪಟ್ಟಿಯಲ್ಲಿರುವುದು ಪ್ರಕಟವಾದ ದಿನ, ತೆಗೆದ ದಿನವಲ್ಲ. ಹೊಲದ ಮೇಲೆ ಒತ್ತಿದರೆ ತೆಗೆದ ದಿನವೂ ಕಂಪನಿಯ ಹೆಸರೂ ಬರುತ್ತವೆ.

ಈ ವಾರದ್ದೇ ಬೇಕೆಂದರೆ ಯುರೋಪಿನ ಉಪಗ್ರಹ ಚಿತ್ರಗಳ ತಾಣವಾದ ಕೊಪರ್ನಿಕಸ್ ಬ್ರೌಸರ್‌ನಲ್ಲಿ ಸೆಂಟಿನೆಲ್-2 ಆಯ್ದುಕೊಳ್ಳಿ; ಸುಮಾರು ಐದು ದಿನಕ್ಕೊಮ್ಮೆ ಬೆಳಗಿನ 11 ಗಂಟೆ ಆಸುಪಾಸು ನಮ್ಮ ಮೇಲೆ ಹಾಯುತ್ತದೆ. ಮೋಡದ ಪ್ರಮಾಣವನ್ನು ಶೇ. 20ಕ್ಕೆ ಕಟ್ಟಿಹಾಕಬೇಡಿ. ಆ ಅಂಕಿ ಸುಮಾರು 110 ಕಿಲೋಮೀಟರ್ ಚೌಕದ ಇಡೀ ತುಂಡಿನದು. 60 ಇದ್ದರೂ ನಿಮ್ಮ ಹೊಲ ತಿಳಿಯಾಗಿರಬಹುದು.

ಹೊಲದ ಹದ್ದಿನ (ಗಡಿಯ) ತಕರಾರಿಗೆ ಮಾತ್ರ ಇದು ಯಾವುದೂ ಆಗದು. ಉಪಗ್ರಹ ಓರೆಯಾಗಿ ನೋಡಿದಾಗ ಎತ್ತರದ್ದೆಲ್ಲ ವಾಲುತ್ತದೆ. ಗದಗಿನ ಗಾಳಿಯಂತ್ರ ಗುರುತಿಸುವುದಾದರೆ ರೆಕ್ಕೆಗಲ್ಲ, ಕಂಬದ ಬುಡಕ್ಕೆ ಗುರುತು ಇಡಿ. ಸರ್ವೆ ನಂಬರ್ ತೋರಿಸುವ ಸರ್ಕಾರಿ ದಿಶಾಂಕ್ ಆ್ಯಪಿನ ಗೆರೆ ಬದುವಿನಿಂದ ಕೆಲವು ಮೀಟರ್ ಸರಿದು ಕೂತರೆ ನೆರೆಯವರು ಒತ್ತುವರಿ ಮಾಡಿದ್ದಾರೆ ಎಂದರ್ಥವಲ್ಲ. ಕೇಂದ್ರದ ಸ್ವಾಮಿತ್ವ ಯೋಜನೆಯ ಡ್ರೋನ್ ಅಳತೆ ಊರಿನ ಗಾವಠಾಣದ್ದು (ಮನೆಗಳಿರುವ ಜಾಗದ್ದು), ಹೊಲದ್ದಲ್ಲ. ಹೊಲಕ್ಕೆ ಹದ್ದುಬಸ್ತಿನ, ಅಂದರೆ ಗಡಿ ಅಳೆಸಿ ಗುರುತಿಸುವ ಅರ್ಜಿಯೇ ದಾರಿ.