ಸೊಂಟದಲ್ಲಿಡುವ ಆಯುಧ: ಕೊಳ್ಳುವ ಮೊದಲು ಕೂತು ನೋಡಿ

ಪಿಸ್ತೂಲು, ರಿವಾಲ್ವರಿನ ಪರವಾನಗಿ ಕೈಗೆ ಬಂದವರು ನನ್ನನ್ನು ಹುಡುಕಿಕೊಂಡು ಬಂದಾಗ ಕೇಳುವ ಮೊದಲ ಪ್ರಶ್ನೆ, ಯಾವ ಕಂಪನಿಯದು ಒಳ್ಳೆಯದು ಎಂಬುದು. ಪೊಲೀಸ್ ಸಶಸ್ತ್ರ ಮೀಸಲು ಪಡೆಯಲ್ಲಿ ಆರ್ಮರರ್ (ಆಯುಧಗಳ ದುರಸ್ತಿಗಾರ) ಆಗಿದ್ದು ನಿವೃತ್ತನಾದವನು ನಾನು. ರಾಯಚೂರಿನಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಕಡಿಮೆ ಇರುವುದರಿಂದ ನನ್ನ ಬಳಿಗೇ ಬರುತ್ತಾರೆ. ಕಂಪನಿಯ ಮಾತಿಗೆ ಹೋಗುವ ಮೊದಲು ನಾನು ಕೇಳುವುದು ಬೇರೆ: ನೀವು ದಿನವಿಡೀ ಹೇಗೆ ಕೂರುತ್ತೀರಿ? ಏನು ಉಡುತ್ತೀರಿ? ಮನೆಯಲ್ಲಿ ಮಕ್ಕಳಿದ್ದಾರೆಯೇ? ಗಡಿಯಾಚೆ ಆಂಧ್ರದ ಆದೋನಿಗೆ ಹೋಗಿ ಬರುವ ವ್ಯವಹಾರವಿದೆಯೇ?

ಇದಕ್ಕೆ ಕಾರಣವಿದೆ. ಆಯುಧ ಹೊತ್ತು ತಿರುಗುವವರಲ್ಲಿ ಹೆಚ್ಚಿನವರಿಗೆ ಅದನ್ನು ಹಾರಿಸುವ ದಿನ ಬರುವುದೇ ಇಲ್ಲ. ಬರಬಾರದು ಕೂಡ. ಆದರೆ ಪ್ರತಿದಿನ ಅದನ್ನು ಕಟ್ಟಿಕೊಳ್ಳಬೇಕು, ಬಿಚ್ಚಬೇಕು, ಕಾರಿನಲ್ಲಿ ಬಗ್ಗಬೇಕು, ಬೆವರಬೇಕು. ಆ ದಿನಗಳಲ್ಲೆಲ್ಲ ಅದು ತಾನಾಗಿ ಹಾರದಿರುವುದು, ಬೀಳದಿರುವುದು, ಕಣ್ಣಿಗೆ ಬೀಳದಿರುವುದು ಮೊದಲ ಗುಣ. ಗುರಿ, ಶಕ್ತಿ, ಅಂದ ಇವೆಲ್ಲ ಆಮೇಲೆ.

ಆಯುಧವನ್ನು ಮುಚ್ಚಿಕೊಂಡೇ ಒಯ್ಯಬೇಕು ಎನ್ನುವುದು ಕಾನೂನು ಕೂಡ. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲಿ (ಒರೆಯಲ್ಲಿ) ಅಥವಾ ಅಂಥದೇ ಚೀಲದಲ್ಲಿರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು. ಮದುವೆ ಮನೆಯಲ್ಲಿ ಅಂಗಿ ಸರಿಸಿ ಹಿಡಿಕೆ ತೋರಿಸುವ ಚಪಲ ಇರುವವರು ದಯವಿಟ್ಟು ಆಯುಧ ಕೊಳ್ಳಬೇಡಿ. ಸಂಭ್ರಮಕ್ಕೆಂದು ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಜೈಲು ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಆಯ್ಕೆಗೆ ಇರುವ ಜಾಗ ನಮ್ಮಲ್ಲಿ ಬಹಳ ಕಿರಿದು. 9 ಎಂಎಂ, .38 ಇವು ನಿಷೇಧಿತ ಬೋರ್ (ನಳಿಕೆಯ ಒಳ ಅಳತೆ), ಸಾಮಾನ್ಯ ಪರವಾನಗಿದಾರರಿಗೆ ಸಿಗುವುದಿಲ್ಲ. ಉಳಿಯುವುದು ಮುಖ್ಯವಾಗಿ .32, ಇನ್ನೂ ಸಣ್ಣದು ಬೇಕೆಂದರೆ .22. ವಿದೇಶಿ ಪಿಸ್ತೂಲುಗಳನ್ನು ಸಾರ್ವಜನಿಕರು ತರಿಸಿಕೊಳ್ಳುವುದು 1980ರ ದಶಕದಲ್ಲಿಯೇ ನಿಂತಿತು. ಅದಕ್ಕೂ ಮುಂಚೆ ಬಂದ ವಾಲ್ಟರ್, ವೆಬ್ಲಿ, ಕೋಲ್ಟ್‌ಗಳು ಇಂದಿಗೂ ಕೈಯಿಂದ ಕೈಗೆ ಹೋಗುತ್ತಿವೆ, ವಿಪರೀತ ಬೆಲೆಗೆ. ಹೆಸರು ಕೇಳಿ ಮರುಳಾಗಬೇಡಿ. ಸ್ಪ್ರಿಂಗ್ ಮುರಿದರೆ ಬಿಡಿಭಾಗ ಎಲ್ಲಿಂದ ತರುತ್ತೀರಿ?

.32 ಎಂದರೂ ಅದರಲ್ಲಿ ಎರಡು ಬಗೆ. ಪಿಸ್ತೂಲಿನ ಕಾಡತೂಸು ಗಿಡ್ಡ, ರಿವಾಲ್ವರಿನದು ಉದ್ದ ಮತ್ತು ಬುಡದಲ್ಲಿ ಅಂಚು ಇರುವಂಥದ್ದು. ಒಂದರದ್ದು ಇನ್ನೊಂದಕ್ಕೆ ಎಂದು ಹಾಕುವಂತಿಲ್ಲ. ಅಂಗಡಿಯಲ್ಲಿ ಬರೀ ತರ್ಟಿ ಟೂ ಕೊಡಿ ಎನ್ನದೆ ಯಾವ ಆಯುಧಕ್ಕೆ ಎಂದು ಹೇಳಿ.

ಪಿಸ್ತೂಲೋ ರಿವಾಲ್ವರೋ? ನನ್ನ ಉತ್ತರ ನೇರ: ಹತ್ತರಲ್ಲಿ ಒಂಬತ್ತು ಮಂದಿಗೆ ರಿವಾಲ್ವರ್. ಪಿಸ್ತೂಲು ಚಪ್ಪಟೆಯಾಗಿದ್ದು ಅಂಗಿಯ ಕೆಳಗೆ ಚೆನ್ನಾಗಿ ಅಡಗುತ್ತದೆ, ನಿಜ. ನಮ್ಮ ಸರ್ಕಾರಿ ಆರ್ಡ್‌ನೆನ್ಸ್ (ಶಸ್ತ್ರಾಸ್ತ್ರ) ಕಾರ್ಖಾನೆಯ ಅಶನಿ ಪಿಸ್ತೂಲನ್ನು ಇಷ್ಟಪಡುವವರು ಬಹಳ ಇದ್ದಾರೆ. ಆದರೆ ಪಿಸ್ತೂಲಿಗೆ ಅಭ್ಯಾಸ ಬೇಕು. ಮ್ಯಾಗಜೀನ್ (ಹಿಡಿಕೆಯೊಳಗಿನ ಗುಂಡಿನ ಡಬ್ಬಿ) ತೆಗೆದರೂ ಛೇಂಬರಿನಲ್ಲಿ, ಅಂದರೆ ನಳಿಕೆಯ ಬುಡದ ಮನೆಯಲ್ಲಿ, ಒಂದು ಗುಂಡು ಉಳಿದಿರಬಹುದು. ಅಪಘಾತಗಳು ಹುಟ್ಟುವುದೇ ಇಲ್ಲಿ. ಚುನಾವಣೆಗೆ ಮುನ್ನ ಠೇವಣಿಗೆ ಬಂದ ಆಯುಧಗಳನ್ನು ಪರೀಕ್ಷಿಸುವಾಗ, ಮ್ಯಾಗಜೀನ್ ಜೇಬಿನಲ್ಲಿದೆ, ಖಾಲಿ ಇದೆ ಸಾರ್ ಎಂದು ಮಾಲೀಕರು ಕೊಟ್ಟ ಪಿಸ್ತೂಲಿನ ಸ್ಲೈಡ್ (ಹಿಂದಕ್ಕೆ ಸರಿಯುವ ಮೇಲ್ಭಾಗ) ಎಳೆದಾಗ ಮೇಜಿನ ಮೇಲೆ ಕಾಡತೂಸು ಉರುಳಿದ್ದನ್ನು ನಾನು ಕಂಡಿದ್ದೇನೆ. ಅವರು ಸುಳ್ಳು ಹೇಳಿರಲಿಲ್ಲ, ಅವರಿಗೆ ತಿಳಿದಿರಲಿಲ್ಲ. ರಿವಾಲ್ವರಿನಲ್ಲಿ ಈ ಗೊಂದಲವಿಲ್ಲ. ತೆರೆದರೆ ಸಿಲಿಂಡರಿನ (ಗುಂಡು ತುಂಬುವ, ತಿರುಗುವ ಉರುಳೆಯ) ಆರೂ ಮನೆಗಳು ಕಣ್ಣೆದುರಿಗೆ ಇರುತ್ತವೆ. ಒಂದು ಕಾಡತೂಸು ಸಿಡಿಯದಿದ್ದರೆ ಮತ್ತೊಮ್ಮೆ ಟ್ರಿಗರ್ ಎಳೆದರೆ ಮುಂದಿನದು ಬರುತ್ತದೆ. ಪಿಸ್ತೂಲಿನಲ್ಲಾದರೆ ಎರಡೂ ಕೈ ಹಾಕಿ ಸ್ಲೈಡ್ ಎಳೆಯಬೇಕು. ಗಾಬರಿಯಲ್ಲಿ ಕೈ ನಡುಗುವ ಮನುಷ್ಯನಿಗೆ ಅದು ದೊಡ್ಡ ಕೆಲಸ.

ಈಗ ಸಿಗುವ ರಿವಾಲ್ವರುಗಳ ವಿಷಯ. ಕಾರ್ಖಾನೆಯ ಹಳೆಯ .32 ಮಾರ್ಕ್ 3, ಮೂರು ಇಂಚಿನ ನಳಿಕೆಯದು, ಕೀಲಿನ ಮೇಲೆ ನಡುವೆ ಮಡಚಿ (ಮುರಿದು) ತೆರೆಯುವಂಥದ್ದು. ಹಳೆಯ ವೆಬ್ಲಿಯ ವಂಶ. 2014ರಲ್ಲಿ ಬಂದ ನಿರ್ಭೀಕ್ ಟೈಟಾನಿಯಂ ಮಿಶ್ರಲೋಹದ್ದು, ತೂಕ ಸುಮಾರು 500 ಗ್ರಾಂ. ಮಹಿಳೆಯರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು, ಬೆಲೆ ಆಗಲೇ ಲಕ್ಷ ದಾಟಿತ್ತು. 2023ರಲ್ಲಿ ಕಾನ್ಪುರದಿಂದ ಬಂದ ಪ್ರಬಲ್‌ನಲ್ಲಿ ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ, ತೂಕ ಸುಮಾರು 700 ಗ್ರಾಂ. ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯಲ್ಲಿ ವೆಬ್ಲಿ ಅಂಡ್ ಸ್ಕಾಟ್ ಹೆಸರಿನ .32 ಕೂಡ ತಯಾರಾಗುತ್ತಿದೆ. ಪಕ್ಕಕ್ಕೆ ತೆರೆಯುವ ವಿನ್ಯಾಸ ನನಗೆ ಹೆಚ್ಚು ಒಪ್ಪಿಗೆ. ಮುರಿದು ತೆರೆಯುವ ಆಯುಧದಲ್ಲಿ ಕೀಲು ಮತ್ತು ಮೇಲಿನ ಚಿಲಕ ವರ್ಷಗಳು ಕಳೆದಂತೆ ಸಡಿಲವಾಗುತ್ತವೆ.

ಹಗುರವಾದದ್ದೇ ಒಳ್ಳೆಯದು ಎಂದುಕೊಳ್ಳಬೇಡಿ. ಆಯುಧ ಹಗುರವಾದಷ್ಟೂ ಅದರ ಒದೆತ ಕೈಗೆ ಜಾಸ್ತಿ ತಟ್ಟುತ್ತದೆ. .32ರ ಒದೆತ ಅಷ್ಟೇನೂ ಅಲ್ಲ, ಆದರೂ ಮೊದಲ ಗುಂಡಿಗೆ ಬೆದರಿದ ಕೈ ಎರಡನೆಯದಕ್ಕೆ ಗುರಿ ತಪ್ಪುತ್ತದೆ. ನಳಿಕೆ ಗಿಡ್ಡವಾದಷ್ಟೂ ಗುರಿಯ ತಪ್ಪು ದೊಡ್ಡದಾಗುತ್ತದೆ. ಹಿಡಿಕೆ ಬಹಳ ಚಿಕ್ಕದಿದ್ದರೆ ಕಿರುಬೆರಳಿಗೆ ಜಾಗವಿಲ್ಲದೆ ಆಯುಧ ಕೈಯಲ್ಲಿ ತಿರುಗುತ್ತದೆ.

ಅಂಗಡಿಯಲ್ಲಿ ಮೊದಲು ಖಾಲಿ ಇದೆಯೆಂದು ನೀವೇ ನೋಡಿಕೊಳ್ಳಿ, ಅಂಗಡಿಯವನು ಆಗಲೇ ನೋಡಿದ್ದರೂ ಸರಿ. ಮೂತಿ ಗೋಡೆಯ ಕಡೆ ಇರಲಿ. ಹಿಡಿಕೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ತಗ್ಗಿಗೆ ಒತ್ತಿ ಮೇಲೆ ಹಿಡಿಯಿರಿ. ತೋರುಬೆರಳಿನ ತುದಿಯ ಗಂಟು ಟ್ರಿಗರ್ ಮೇಲೆ ಆರಾಮವಾಗಿ ಕೂರಬೇಕು. ಎಟುಕಿಸಲು ಇಡೀ ಹಿಡಿತವನ್ನೇ ತಿರುಗಿಸಬೇಕಾದರೆ ಅದು ನಿಮ್ಮ ಕೈಯ ಆಯುಧವಲ್ಲ. ಹ್ಯಾಮರ್ (ಹಿಂಬದಿಯಲ್ಲಿ ಕಾಡತೂಸಿಗೆ ಬಡಿಯುವ ಸುತ್ತಿಗೆ) ಎಳೆಯದೆ ಟ್ರಿಗರ್ ಮಾತ್ರ ಎಳೆಯಿರಿ. ಎಳೆತ ಗಟ್ಟಿಯಾಗಿರುತ್ತದೆ, ಅದು ದೋಷವಲ್ಲ, ರಕ್ಷಣೆ. ಆದರೆ ಎಳೆಯುವಾಗ ಮೂತಿ ಅಲುಗಿ ಪಕ್ಕಕ್ಕೆ ಹೋಗುತ್ತಿದ್ದರೆ ಬೇರೆಯದನ್ನು ಹಿಡಿದು ನೋಡಿ. ಮನೆಯಲ್ಲಿ ಹೆಂಡತಿಯ ಹೆಸರಿನಲ್ಲಿ ಪರವಾನಗಿ ಇದ್ದರೆ ಅವರೇ ಬಂದು ಹಿಡಿಯಬೇಕು. ಗಂಡನ ಕೈಯ ಅಳತೆಗೆ ತಂದ ರಿವಾಲ್ವರಿನ ಟ್ರಿಗರನ್ನು ಎರಡು ಬೆರಳು ಹಾಕಿ ಎಳೆಯುವ ಹೆಣ್ಣುಮಕ್ಕಳನ್ನು ನಾಗರಿಕ ಬಂದೂಕು ತರಬೇತಿ ಶಿಬಿರಗಳಲ್ಲಿ ಕಂಡು ಬೇಸರಪಟ್ಟಿದ್ದೇನೆ.

ಹಳೆಯ ರಿವಾಲ್ವರ್ ಕೊಳ್ಳುವುದಾದರೆ ಇನ್ನಷ್ಟು ಹೊತ್ತು ಕೊಡಿ. ನಾನು ಮಾಡುವ ಕ್ರಮ ಇದು. ತೆರೆದು, ಖಾಲಿ ಮಾಡಿ, ಹೆಬ್ಬೆರಳ ಉಗುರನ್ನು ನಳಿಕೆಯ ಬುಡದಲ್ಲಿ ಬೆಳಕಿಗೆ ಒಡ್ಡಿ ಮೂತಿಯಿಂದ ಒಳಗೆ ನೋಡುತ್ತೇನೆ. ಉಗುರಿನ ಬೆಳಕಿನಲ್ಲಿ ಸುರುಳಿ ಗೆರೆಗಳು ಚೂಪಾಗಿ ಹೊಳೆಯಬೇಕು. ಸಿಡುಬಿನ ಗುಳಿಗಳ ಹಾಗೆ ಕಪ್ಪು ಚುಕ್ಕೆ ಕಂಡರೆ ತುಕ್ಕು ತಿಂದಿದೆ. ಮುಚ್ಚಿ, ಹ್ಯಾಮರನ್ನು ನಿಧಾನವಾಗಿ ಹಿಂದಕ್ಕೆ ಎಳೆಯುತ್ತೇನೆ. ಹ್ಯಾಮರ್ ನಿಲ್ಲುವಷ್ಟರಲ್ಲಿ ಸಿಲಿಂಡರ್ ಟಕ್ ಎಂದು ಕೂತಿರಬೇಕು. ಹೀಗೆ ಆರೂ ಮನೆಗಳಿಗೆ. ಐದು ಸರಿಯಾಗಿ ಕೂತು ಆರನೆಯದು ಅರೆಬರೆ ನಿಂತರೆ, ಆ ಮನೆಯ ಗುಂಡು ನಳಿಕೆಯ ಅಂಚನ್ನು ಸವರಿಕೊಂಡು ಸೀಸದ ಚೂರುಗಳನ್ನು ಪಕ್ಕಕ್ಕೆ ಉಗುಳುತ್ತದೆ. ಕೊನೆಗೆ ನಳಿಕೆಯನ್ನು ಒಂದು ಕೈಯಲ್ಲಿ, ಹಿಡಿಕೆಯನ್ನು ಇನ್ನೊಂದರಲ್ಲಿ ಹಿಡಿದು ಅಲುಗಾಡಿಸಿ ನೋಡಿ. ಕೀಲು ಕಟಕಟ ಎಂದರೆ ವಾಪಸು ಕೊಟ್ಟುಬಿಡಿ, ಬೆಲೆ ಎಷ್ಟೇ ಇಳಿಸಿದರೂ. ಬಿದ್ದಾಗ ಹ್ಯಾಮರ್ ಕಾಡತೂಸಿಗೆ ಬಡಿಯದಂತೆ ತಡೆಯುವ ವ್ಯವಸ್ಥೆ ಒಳಗೆ ಇದೆಯೇ ಎಂದು ತಿಳಿದವರಿಂದ ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ಹ್ಯಾಮರ್ ಕೆಳಗಿನ ಮನೆಯನ್ನು ಖಾಲಿ ಬಿಟ್ಟು ಐದೇ ತುಂಬಿ.

ಹೋಲ್‌ಸ್ಟರಿನ ಮಾತಿಗೆ ಬಂದರೆ ಜನ ಜುಗ್ಗರಾಗುತ್ತಾರೆ. ಲಕ್ಷ ಕೊಟ್ಟು ಆಯುಧ ತಂದು ಜೋಲಾಡುವ ಬಟ್ಟೆಯ ಒರೆಯಲ್ಲಿ ತುರುಕುತ್ತಾರೆ. ಒರೆ ಟ್ರಿಗರನ್ನು ಪೂರ್ತಿ ಮುಚ್ಚಬೇಕು, ಆಯುಧ ಎಳೆದಾಗ ತಾನು ಜೊತೆಗೆ ಎದ್ದು ಬರಬಾರದು, ಬಗ್ಗಿದಾಗ ಆಯುಧವನ್ನು ಬಿಟ್ಟುಕೊಡಬಾರದು. ಅದನ್ನು ಹೊರಲು ಗಟ್ಟಿ ಅಗಲದ ಬೆಲ್ಟ್ ಬೇಕು. ಧೋತರ, ಲುಂಗಿ ಉಡುವವರು ಒಳಗೆ ಚಡ್ಡಿಯ ಮೇಲೆ ಬೆಲ್ಟ್ ಕಟ್ಟಿ ಅದಕ್ಕೆ ಒರೆ ಹಾಕಿ. ಧೋತರದ ಗಂಟಿಗೆ ಸಿಕ್ಕಿಸಿಕೊಳ್ಳುವುದು ಸಾವನ್ನು ಸಿಕ್ಕಿಸಿಕೊಂಡಂತೆ. ಸೀರೆ ಉಡುವವರು ಚೀಲದಲ್ಲಿ ಇಡುವುದೇ ಆದರೆ ಆಯುಧಕ್ಕೆಂದೇ ಬೇರೆ ಅರೆ ಇರುವ ಚೀಲ ಹೊಲಿಸಿ. ಬೀಗದ ಕೈಗೊಂಚಲು, ಬಾಚಣಿಗೆ ಇರುವಲ್ಲಿ ಆಯುಧ ಇರಬಾರದು. ಆ ಚೀಲ ಕುರ್ಚಿಗೆ ನೇತುಬೀಳಲೂ ಬಾರದು.

ಕೂರುವ ಪ್ರಶ್ನೆ ಇಲ್ಲಿ ಬರುತ್ತದೆ. ನಮ್ಮ ರಾಜೇಂದ್ರ ಗಂಜಿನ ಹತ್ತಿ ವ್ಯಾಪಾರಿಯೊಬ್ಬರು ಪಿಸ್ತೂಲನ್ನು ಹೊಟ್ಟೆಯ ಮುಂಭಾಗಕ್ಕೆ ಕಟ್ಟುತ್ತಿದ್ದರು. ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಖಾತೆ ಪುಸ್ತಕಕ್ಕೆ ಬಗ್ಗಿದರೆ ನಳಿಕೆ ತೊಡೆಯ ಸಂದಿಗೆ ಒತ್ತುತ್ತಿತ್ತು. ನೋವು ತಾಳದೆ ಅದನ್ನು ಬಿಚ್ಚಿ ದಿಂಬಿನ ಕೆಳಗೆ ಇಡುತ್ತಿದ್ದರು. ಹಮಾಲರು, ಗುಮಾಸ್ತರು, ಚಹಾದ ಹುಡುಗ ಎಲ್ಲರೂ ಓಡಾಡುವ ಜಾಗ ಅದು. ಅವರ ಮನೆಯಲ್ಲೇ ನೆಲದ ಮೇಲೆ ಕೂರಿಸಿ, ಖಾಲಿ ಆಯುಧವನ್ನು ಬಲಸೊಂಟದ ಎಲುಬಿನ ಹಿಂದೆ ತುಸು ವಾಲಿಸಿ ಕಟ್ಟಿಸಿದೆ. ಎದ್ದರು, ಕೂತರು, ಬಗ್ಗಿದರು, ಕಾರಿನ ಸೀಟು ಬೆಲ್ಟ್ ಹಾಕಿ ನೋಡಿದರು. ಚಿಕ್ಕ ರಿವಾಲ್ವರ್ ಅಲ್ಲಿ ಸುಮ್ಮನೆ ಕೂತಿತು. ಪಿಸ್ತೂಲನ್ನು ಮಾರಿ, ಕಾಗದಪತ್ರ ಸರಿಪಡಿಸಿ, ಅದನ್ನೇ ಕೊಂಡರು. ನೀವೂ ಕೊಳ್ಳುವ ಮೊದಲು ಹೀಗೆ ಕೂತು ನೋಡಿ. ದಿನದಲ್ಲಿ ಹತ್ತು ಸಲ ಬಿಚ್ಚಿಡಬೇಕಾದ ಆಯುಧ ಒಂದಲ್ಲ ಒಂದು ದಿನ ಬೇರೆಯವರ ಕೈ ಸೇರುತ್ತದೆ.

ನಮ್ಮ ಕಡೆಯ ಬಿಸಿಲು ಆಯುಧಕ್ಕೆ ಶತ್ರು. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಊರುಗಳು ಇವು. ಚರ್ಮದ ಒರೆ ಬೆವರನ್ನು ಹೀರಿ ಉಪ್ಪನ್ನು ಉಕ್ಕಿಗೆ ಒತ್ತಿ ಹಿಡಿಯುತ್ತದೆ. ಸಂಜೆ ಮನೆಗೆ ಬಂದ ಕೂಡಲೇ ಒರೆಯಿಂದ ತೆಗೆದು, ಖಾಲಿ ಮಾಡಿ, ಒಣ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಸವರಿದ ಬಟ್ಟೆಯಿಂದ ತೆಳುವಾಗಿ ಸವರಿ ಬೀಗದ ಪೆಟ್ಟಿಗೆಯಲ್ಲಿಡಿ. ಒರೆಯಲ್ಲಿಯೇ ರಾತ್ರಿ ಕಳೆಯಲು ಬಿಡಬೇಡಿ. ಸಂಡೂರಿನ ಗಣಿ ರಸ್ತೆಗಳಲ್ಲಿ ಓಡಾಡುವವರಿಗೆ ಇನ್ನೊಂದು ಮಾತು: ಎಣ್ಣೆ ಜಾಸ್ತಿ ಹಾಕಿದರೆ ಅದಿರಿನ ಕೆಂಪು ಧೂಳು ಅಂಟಿ ಒಳಗಿನ ಭಾಗಗಳನ್ನು ಉಜ್ಜುತ್ತದೆ. ಕಾಡತೂಸಿಗೆ ಎಣ್ಣೆ ತಾಗಲೇಬಾರದು, ಬುಡದ ಮದ್ದು ಸತ್ತುಹೋಗಬಹುದು. ಮೈಮೇಲೆ ಹೊತ್ತ ಕಾಡತೂಸುಗಳನ್ನು ವರ್ಷಕ್ಕೊಮ್ಮೆ ತರಬೇತಿ ಮೈದಾನದಲ್ಲಿ ಹಾರಿಸಿ ಮುಗಿಸಿ, ಹೊಸವನ್ನು ತುಂಬಿಕೊಳ್ಳಿ.

ನಮ್ಮ ಕಡೆ ಪರವಾನಗಿ ಕೊಡುವವರು ಜಿಲ್ಲಾಧಿಕಾರಿ, ಪೊಲೀಸ್ ವರದಿ ನೋಡಿದ ಮೇಲೆ. ಅವಧಿ ಐದು ವರ್ಷ, ಒಬ್ಬರಿಗೆ ಗರಿಷ್ಠ ಎರಡು ಬಂದೂಕು. ಪುಸ್ತಕ ಕೈಗೆ ಬಂದಾಗ ವ್ಯಾಪ್ತಿಯ ಸಾಲನ್ನು ಓದಿ. ಕರ್ನಾಟಕಕ್ಕೆ ಮಾತ್ರ ಎಂದಿದ್ದರೆ, ತುಂಗಭದ್ರೆ ದಾಟಿ ಮಂತ್ರಾಲಯಕ್ಕೆ ಹೋಗುವಾಗ, ಆದೋನಿಯ ಹತ್ತಿ ಮಾರುಕಟ್ಟೆಗೆ, ಗುಂತಕಲ್ಲಿಗೆ ಹೋಗುವಾಗ ಆಯುಧ ಮನೆಯಲ್ಲೇ ಇರಬೇಕು. ಆಂಧ್ರದ ಆ ಊರುಗಳಲ್ಲಿ ಅದು ಪರವಾನಗಿ ಇಲ್ಲದ ಆಯುಧ. ಜಾತ್ರೆ, ಮೆರವಣಿಗೆ, ಸಭೆ, ಶಾಲಾ ಕಾಲೇಜುಗಳ ಆವರಣಕ್ಕೆ ಒಯ್ಯಬಾರದು ಎಂಬುದು ಪರವಾನಗಿಯ ಷರತ್ತು. ಹುಲಿಗೆಮ್ಮನ ಜಾತ್ರೆಗಾಗಲಿ ಕೊಪ್ಪಳದ ಗವಿಮಠದ ತೇರಿಗಾಗಲಿ ಬರಿಗೈಯಲ್ಲಿ ಹೋಗಿ. ಇನ್ನು ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ, ಒಮ್ಮೆ ವಕೀಲರ ಜೊತೆ ಕೂತು ಓದಿ. ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ಗುಂಡು ಹಾರಿಸಲು ಯಾವ ಪರವಾನಗಿಯೂ ಅನುಮತಿ ಕೊಡುವುದಿಲ್ಲ.

ಚುನಾವಣೆ ಘೋಷಣೆಯಾದಾಗ ಆಯುಧವನ್ನು ಠಾಣೆಯಲ್ಲಿ ಠೇವಣಿ ಇಡುವಂತೆ ಆದೇಶ ಬರುತ್ತದೆ. ಮನೆಯಲ್ಲೇ ಖಾಲಿ ಮಾಡಿ, ಕಾಡತೂಸುಗಳನ್ನು ಬೇರೆ ಡಬ್ಬಿಯಲ್ಲಿ ಒಯ್ಯಿರಿ. ಒರೆಯನ್ನು ಕೊಡಬೇಡಿ, ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ಕೊಡಿ, ಏಕೆಂದರೆ ತಿಂಗಳುಗಟ್ಟಲೆ ಅದು ಅಲ್ಲೇ ಇರುತ್ತದೆ. ರಸೀದಿಯಲ್ಲಿ ಆಯುಧದ ಸಂಖ್ಯೆ, ಕಾಡತೂಸುಗಳ ಸಂಖ್ಯೆ ಎರಡೂ ಬರೆದಿವೆಯೇ ನೋಡಿ ಸಹಿ ಹಾಕಿ. ವಾಪಸು ತಂದ ದಿನ ಮತ್ತೆ ಹೆಬ್ಬೆರಳ ಉಗುರು ಹಿಡಿದು ನಳಿಕೆಯ ಒಳಗನ್ನು ನೋಡಿ, ಸ್ವಚ್ಛ ಮಾಡಿದ ಮೇಲೆಯೇ ತುಂಬಿ.